ನುಗ್ಗುವವನನ್ನು ಕೊಟ್ಟು ತಡೆಯುವವನನ್ನು ತರುವುದು: ಎನ್‌ಎಫ್‌ಎಲ್ ತಂಡಗಳ ಮುಂದಿರುವ ದಾರಿಗಳು

ಅಮೆರಿಕನ್ ಫುಟ್‌ಬಾಲ್‌ನಲ್ಲಿ (ಎನ್‌ಎಫ್‌ಎಲ್ ಅದರ ವೃತ್ತಿಪರ ಲೀಗ್) ಹೆಸರಿಗೂ ಕೆಲಸಕ್ಕೂ ತಾಳಮೇಳವಿಲ್ಲ. ಡಿಫೆನ್ಸಿವ್ ಲೈನ್ ಎಂದು ಕರೆಸಿಕೊಳ್ಳುವ ಸಾಲಿನವರು ಮಾಡುವುದು ನುಗ್ಗುವ ಕೆಲಸ. ಆಫೆನ್ಸಿವ್ ಲೈನ್ ಎಂಬ ಸಾಲಿನವರು ಮಾಡುವುದು ಅವರನ್ನು ತಡೆಯುವ ಕೆಲಸ. ಹಾಗಾಗಿ ಇಲ್ಲಿ ಅವರನ್ನು ನುಗ್ಗುವವರು, ತಡೆಯುವವರು ಎಂದೇ ಕರೆಯುತ್ತೇನೆ. ನುಗ್ಗುವವನು ಎದುರಾಳಿ ಕ್ವಾರ್ಟರ್‌ಬ್ಯಾಕನ್ನು, ಅಂದರೆ ಚೆಂಡೆಸೆದು ದಾಳಿ ನಡೆಸುವವನನ್ನು, ಚೆಂಡಿನ ಸಮೇತ ಕೆಡವಿದರೆ ಅದು ಸ್ಯಾಕ್; ಅವನ ಹೆಸರಿನ ಮುಂದೆ ಲೆಕ್ಕಕ್ಕೆ ಸೇರುತ್ತದೆ, ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ತಡೆಯುವವನಿಗೆ ಅಂಥ ಖಾತೆಯೇ ಇಲ್ಲ. ಮೈದಾನದ ಧ್ವನಿವರ್ಧಕದಲ್ಲಿ ಅವನ ಪ್ರಸ್ತಾಪ ಬರುವುದು ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದೆಳೆಯುವ) ತಪ್ಪು ಮಾಡಿದಾಗ ಮಾತ್ರ. ಅದೂ ಹೆಸರಿನಿಂದಲ್ಲ, ಅಂಗಿಯ ಸಂಖ್ಯೆಯಿಂದ.

ಅದಕ್ಕೇ ಇರಬೇಕು, ತಂಡಗಳು ನುಗ್ಗುವವರನ್ನು ಗುಡ್ಡೆ ಹಾಕಿಕೊಂಡು ತಡೆಯುವವರಿಗಾಗಿ ಪರದಾಡುತ್ತವೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ತಮ್ಮ ಕ್ವಾರ್ಟರ್‌ಬ್ಯಾಕ್ ಐದಾರು ಸಲ ನೆಲ ಕಂಡ ಭಾನುವಾರದ ರಾತ್ರಿ ಅಭಿಮಾನಿಗಳೆಲ್ಲರ ಬಾಯಲ್ಲೂ ಒಂದೇ ಸಲಹೆ: "ನಮ್ಮಲ್ಲಿ ನುಗ್ಗುವವರು ಬೇಕಾದಷ್ಟಿದ್ದಾರೆ, ಒಬ್ಬನನ್ನು ಕೊಟ್ಟು ಒಳ್ಳೆಯ ತಡೆಯುವವನೊಬ್ಬನನ್ನು ತರಬಾರದೇ?" ತರಬಹುದು. ಆದರೆ ಅದಕ್ಕೆ ನಾಲ್ಕೈದು ದಾರಿಗಳಿವೆ, ಎಲ್ಲವೂ ಒಂದೇ ಊರಿಗೆ ಹೋಗುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ವ್ಯಾಪಾರದಲ್ಲಿ ಆಟಗಾರನ ಬೆಲೆ ಕಟ್ಟುವುದು ಅವನ ತೋಳಿಗಿಂತ ಹೆಚ್ಚಾಗಿ ಕ್ಯಾಲೆಂಡರ್. ತನಗೆ ಗರಜಿಲ್ಲದ ದಿನ ಮಾರಿ, ಎದುರಿನವನಿಗೆ ಗರಜಿರುವ ದಿನ ಕೊಂಡ ತಂಡ ಗೆದ್ದಿದೆ. ಉಲ್ಟಾ ಮಾಡಿದ ತಂಡ ವರ್ಷಗಟ್ಟಲೆ ಕಂತು ಕಟ್ಟಿದೆ.

ಮೊದಲು ಎಣಿಸಿ ನೋಡಿ

ತಂಡದ ಪಟ್ಟಿಯಲ್ಲಿ 53 ಮಂದಿ. ತಡೆಯುವ ಸಾಲಿನಲ್ಲಿ ಐವರು: ನಡುವೆ ಸೆಂಟರ್, ಅವನ ಎಡಬಲಕ್ಕೆ ಗಾರ್ಡ್‌ಗಳು, ಎರಡು ಅಂಚಿನಲ್ಲಿ ಟ್ಯಾಕಲ್‌ಗಳು. ಗಾಯವಾಗದಿದ್ದರೆ ಈ ಐವರೂ ತಂಡದ ಬಳಿ ಚೆಂಡಿರುವಷ್ಟು ಹೊತ್ತೂ ಮೈದಾನದಲ್ಲೇ ಇರುತ್ತಾರೆ, ಪಂದ್ಯಕ್ಕೆ ಸುಮಾರು ಅರವತ್ತು ಎಪ್ಪತ್ತು ಸ್ನ್ಯಾಪ್‌ಗಳು, ಅಂದರೆ ಚೆಂಡು ಆಟಕ್ಕೆ ಬರುವ ಸರದಿಗಳು. ನುಗ್ಗುವವರದು ಪಾಳಿಯ ಕೆಲಸ. ನೂರಿಪ್ಪತ್ತು, ನೂರನಲವತ್ತು ಕಿಲೋ ತೂಗುವ ದೇಹವನ್ನು ಪ್ರತಿ ಸಲವೂ ಪೂರ್ತಿ ವೇಗದಲ್ಲಿ ಗೋಡೆಗೆ ಡಿಕ್ಕಿ ಹೊಡೆಸಿದಂತೆ ಓಡಿಸುವುದು ಯಾರಿಂದಲೂ ಎಪ್ಪತ್ತು ಬಾರಿ ಆಗುವುದಿಲ್ಲ. ನಾಲ್ಕನೆಯ ಕ್ವಾರ್ಟರಿನಲ್ಲಿ ಚೆಂಡನ್ನು ಬಿಟ್ಟು ಇವರನ್ನೇ ನೋಡಿ. ನುಗ್ಗುವವನೊಬ್ಬ ಗೆರೆಯಾಚೆ ಬಂದು ಹೆಲ್ಮೆಟ್ ಕಳಚಿ ಬೆಂಚಿನ ಮೇಲೆ ದೊಪ್ಪನೆ ಕೂರುತ್ತಾನೆ, ಅವನ ಜಾಗಕ್ಕೆ ಇನ್ನೊಬ್ಬ ಓಡುತ್ತಾನೆ. ಎದುರಿನ ಟ್ಯಾಕಲ್ ಮಂಡಿಗಳ ಮೇಲೆ ಕೈಯೂರಿ ಅಲ್ಲೇ ಬಾಗಿ ನಿಂತಿರುತ್ತಾನೆ. ಹೊಸದಾಗಿ ಬಂದವನ ಉಸಿರು ತಣ್ಣಗಿದೆ, ಇವನದು ಕಮ್ಮಾರನ ತಿದಿ.

ಅಂದರೆ ನೀವು "ಹೆಚ್ಚುವರಿ" ಎಂದು ಕರೆಯುವ ಆರನೆಯ ನುಗ್ಗುವವನು ಪಂದ್ಯದಲ್ಲಿ ಮೂರನೆಯ ಒಂದು ಪಾಲು ಆಡುತ್ತಿದ್ದಾನೆ. ಅವನಿಗೆ ಬದಲಾಗಿ ನೀವು ಕೇಳುತ್ತಿರುವುದು ಪೂರ್ತಿ ಪಂದ್ಯ ಆಡುವವನನ್ನು. ಅರ್ಧ ದಿನದ ಆಳನ್ನು ಕೊಟ್ಟು ಇಡೀ ದಿನದ ಆಳನ್ನು ಕೇಳಿದರೆ ಯಾರು ಒಪ್ಪುತ್ತಾರೆ? ಮೊದಲ ತೊಡಕು ಇದೇ.

ಎರಡನೆಯ ತೊಡಕು, ಹೆಚ್ಚುವರಿ ಎಂಬುದು ಬಹಳ ಬೇಗ ಆವಿಯಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ 2019ರ ಸಾಲನ್ನು ನೆನಪಿಸಿಕೊಳ್ಳಿ: ಆರಿಕ್ ಆರ್ಮ್‌ಸ್ಟೆಡ್, ಡಿಫಾರೆಸ್ಟ್ ಬಕ್ನರ್, ಸಾಲಮನ್ ಥಾಮಸ್, ನಿಕ್ ಬೋಸಾ, ಡೀ ಫೋರ್ಡ್. ಐವರೂ ಡ್ರಾಫ್ಟ್‌ನ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ವಾರ್ಷಿಕ ಹಂಚಿಕೆಯ, ಮೊದಲ ಸುತ್ತಿನವರು. ಆ ಸಾಲಿನ ಬಲದ ಮೇಲೆ ತಂಡ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ವರೆಗೂ ಹೋಯಿತು. ಮರುವರ್ಷ ಬಕ್ನರ್‌ನನ್ನು ಮಾರಿದರು. ಒಬ್ಬ ಹೋದರೂ ಇನ್ನೂ ನಾಲ್ವರಿದ್ದಾರಲ್ಲ ಎಂದುಕೊಂಡಿದ್ದವರಿಗೆ 2020ರ ಸೆಪ್ಟೆಂಬರ್ 20ರಂದು, ಋತುವಿನ ಎರಡನೆಯ ಪಂದ್ಯದಲ್ಲಿ, ಒಂದೇ ಮಧ್ಯಾಹ್ನ ಬೋಸಾ ಮತ್ತು ಥಾಮಸ್ ಇಬ್ಬರ ಮಂಡಿಯ ಲಿಗಮೆಂಟ್ ಹರಿಯಿತು. ಫೋರ್ಡ್ ಆಗಲೇ ಗಾಯಾಳು. ತಂಡ ಆ ವರ್ಷ 6 ಗೆದ್ದು 10 ಸೋತಿತು.

ಇನ್ನೊಂದು ಕಡೆ, 2025ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಬಹುಮಟ್ಟಿಗೆ ನಾಲ್ವರನ್ನೇ ನುಗ್ಗಿಸಿ, ಅವರನ್ನು ಪಾಳಿಯಲ್ಲಿ ಬದಲಾಯಿಸುತ್ತ, ಕ್ಯಾನ್ಸಸ್ ಸಿಟಿ ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಆರು ಬಾರಿ ಕೆಡವಿತು. ಅಷ್ಟು ಜನರನ್ನು ಮಾರದೆ ಇಟ್ಟುಕೊಂಡಿದ್ದಕ್ಕೆ ಸಿಕ್ಕ ಫಲ 40-22.

ಹಾಗಾದರೆ ಯಾರು ನಿಜಕ್ಕೂ ಹೆಚ್ಚುವರಿ? ನನ್ನ ಲೆಕ್ಕದಲ್ಲಿ ಇಬ್ಬರೇ. ಒಬ್ಬ, ಹೊಸ ಕೋಚ್ ಬಂದು ನಾಲ್ವರ ಸಾಲನ್ನು ಮೂವರ ಸಾಲಾಗಿಸಿದಾಗ ಹೊಸ ವ್ಯವಸ್ಥೆಗೆ ಒಗ್ಗದೆ ಉಳಿದವನು. ಇನ್ನೊಬ್ಬ, ಮುಂದಿನ ವರ್ಷ ಅವನು ಕೇಳುವ ಸಂಬಳವನ್ನು ತಾವು ಕೊಡಲಾರೆವೆಂದು ತಂಡಕ್ಕೆ ಈಗಲೇ ಖಚಿತವಾಗಿರುವವನು. ಮಿಕ್ಕವರು ಹೆಚ್ಚುವರಿಯಲ್ಲ, ಮಳೆಗಾಲಕ್ಕೆ ಕೂಡಿಟ್ಟ ಸೌದೆ.

ತಲೆಗೆ ತಲೆ

ಅಭಿಮಾನಿಗಳು ಕನಸು ಕಾಣುವ ನೇರ ವಿನಿಮಯ ಬಹಳ ಅಪರೂಪ. ಅದರ ಒಳ್ಳೆಯ ಉದಾಹರಣೆ 2019ರ ಮಾರ್ಚ್‌ನಲ್ಲಿ ಸಿಕ್ಕಿತು. ನ್ಯೂಯಾರ್ಕ್ ಜೈಂಟ್ಸ್ ತನ್ನ ನುಗ್ಗುವವನಾದ ಒಲಿವಿಯರ್ ವರ್ನನ್‌ನನ್ನು ಕೊಟ್ಟು, ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಗಾರ್ಡ್ ಕೆವಿನ್ ಜೈಟ್ಲರ್‌ನನ್ನು ಪಡೆಯಿತು. ಇಬ್ಬರೂ 1990ರಲ್ಲಿ ಹುಟ್ಟಿದವರು, ಇಬ್ಬರೂ 2012ರ ಡ್ರಾಫ್ಟ್‌ನವರು, ಇಬ್ಬರದೂ ದುಬಾರಿ ಸಂಬಳ. ತಕ್ಕಡಿ ಸಮವಾಗಿಯೇ ಕಂಡಿತು.

ಸಮವಾಗಿರಲಿಲ್ಲ. ವರ್ನನ್ ಮೊದಲ ವರ್ಷ ಗಾಯಗಳ ನಡುವೆ ಮೂರೂವರೆ ಸ್ಯಾಕ್ ಮಾಡಿದ. ಎರಡನೆಯ ವರ್ಷ ಒಂಬತ್ತು ಮಾಡಿ ಲಯಕ್ಕೆ ಮರಳಿದವನು ಲೀಗ್ ಹಂತದ ಕೊನೆಯ ಪಂದ್ಯದಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ. ಮತ್ತೆಂದೂ ಆಡಲಿಲ್ಲ. ಜೈಟ್ಲರ್? 2023ರಲ್ಲಿ, ಬಾಲ್ಟಿಮೋರ್ ರೇವನ್ಸ್ ಪರವಾಗಿ, ಮೊತ್ತಮೊದಲ ಬಾರಿಗೆ ಪ್ರೊ ಬೌಲ್ ಎಂಬ ತಾರೆಯರ ಪಟ್ಟಿಗೆ ಆಯ್ಕೆಯಾದ. ಆಗ ಅವನಿಗೆ ಮೂವತ್ತಮೂರು. ಕಾರಣ ಸರಳ. ಅಂಚಿನಿಂದ ನುಗ್ಗುವವನ ಬಂಡವಾಳ ಮೊದಲ ಎರಡು ಹೆಜ್ಜೆಗಳ ವೇಗ, ಮೂವತ್ತು ದಾಟಿದರೆ ಮೊದಲು ಕೈಕೊಡುವುದು ಅದೇ. ತಡೆಯುವವನ ಬಂಡವಾಳ ಕೈ ಇಡುವ ಜಾಗ, ಪಾದದ ಕೋನ, ಎದುರಿನವನ ಭುಜ ನೋಡಿ ಮುಂದಿನ ಚಲನೆ ಊಹಿಸುವ ಅನುಭವ. ಇವು ವಯಸ್ಸಿನ ಜೊತೆ ಬೆಳೆಯುತ್ತವೆ. ಆಂಡ್ರ್ಯೂ ವಿಟ್‌ವರ್ತ್ ಎಡ ಟ್ಯಾಕಲ್ ಆಗಿ ಸೂಪರ್ ಬೌಲ್ ಗೆದ್ದಾಗ ಅವನಿಗೆ ನಲವತ್ತು ತುಂಬಿತ್ತು.

ಆದ್ದರಿಂದ ಒಂದೇ ವಯಸ್ಸಿನ ನುಗ್ಗುವವನನ್ನು ಕೊಟ್ಟು ತಡೆಯುವವನನ್ನು ಪಡೆಯುವ ಅವಕಾಶ ಬಂದರೆ ತಡಮಾಡದೆ ಒಪ್ಪಿಕೊಳ್ಳಿ. ಆದರೆ ಬರುವುದಿಲ್ಲ, ಏಕೆಂದರೆ ಆ ಕಡೆಯವರಿಗೂ ಇದೇ ಲೆಕ್ಕ ಗೊತ್ತು. ಬ್ರೌನ್ಸ್ ಒಪ್ಪಿದ್ದು ತನ್ನ ಬಳಿ ಆಸ್ಟಿನ್ ಕಾರ್ಬೆಟ್ ಎಂಬ ಎಳೆಯ ಗಾರ್ಡ್ ತಯಾರಾಗಿದ್ದಾನೆ ಎಂಬ ನಂಬಿಕೆಯಿಂದ. ಆ ನಂಬಿಕೆ ಸುಳ್ಳಾಗಿ, ಅದೇ ಅಕ್ಟೋಬರ್‌ನಲ್ಲಿ ಅವನನ್ನೂ ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಸಾಗಹಾಕಿತು. ಕಾರ್ಬೆಟ್ ಅಲ್ಲಿ ಸೂಪರ್ ಬೌಲ್ ಗೆದ್ದ ತಂಡದ ಗಾರ್ಡ್ ಆದ ಎಂಬುದು ಬೇರೆ ಮಾತು. ಜೈಂಟ್ಸ್ ಕೂಡ ಲಾಭವನ್ನು ಪೂರ್ತಿ ಉಣ್ಣಲಿಲ್ಲ: ಲೀಗ್ ಪ್ರತಿ ತಂಡಕ್ಕೆ ವಿಧಿಸುವ ಒಟ್ಟು ಸಂಬಳದ ಮಿತಿ ಬಿಗಿಯಾದಾಗ, 2021ರಲ್ಲಿ, ಜೈಟ್ಲರ್‌ನನ್ನು ಸುಮ್ಮನೆ ಕೈಬಿಟ್ಟಿತು.

ಇಲ್ಲಿ ಮಾರಿ, ಅಲ್ಲಿ ಕೊಳ್ಳುವುದು

ನನಗೆ ಮೆಚ್ಚುಗೆಯಾದ ದಾರಿ ಇದು, ಅದರ ಮಾದರಿ ಮತ್ತೆ ಫಾರ್ಟಿನೈನರ್ಸ್‌ನದೇ. 2020ರ ಮಾರ್ಚ್‌ನಲ್ಲಿ ತಂಡಕ್ಕೆ ಆರ್ಮ್‌ಸ್ಟೆಡ್ ಮತ್ತು ಬಕ್ನರ್ ಇಬ್ಬರಿಗೂ ದೊಡ್ಡ ಸಂಬಳ ಕೊಡುವ ಶಕ್ತಿ ಇರಲಿಲ್ಲ. ಆರ್ಮ್‌ಸ್ಟೆಡ್‌ನನ್ನು ಉಳಿಸಿಕೊಂಡು ಬಕ್ನರ್‌ನನ್ನು ಇಂಡಿಯಾನಾಪೊಲಿಸ್ ಕೋಲ್ಟ್ಸ್‌ಗೆ ಕೊಟ್ಟರು. ಬದಲಿಗೆ ಬಂದದ್ದು ಡ್ರಾಫ್ಟ್‌ನ 13ನೆಯ ಪಿಕ್, ಅಂದರೆ ಹದಿಮೂರನೆಯ ಸರದಿಯಲ್ಲಿ ಆರಿಸುವ ಹಕ್ಕು. ತಡೆಯುವವನನ್ನು ಕೇಳಲಿಲ್ಲ, ನಗದಿನಂಥದ್ದನ್ನು ಕೇಳಿದರು. ಮಾರ್ಚ್ ತಿಂಗಳು, ಎಲ್ಲ ತಂಡಗಳ ಜೇಬಿನಲ್ಲೂ ಹಣ, ಎಲ್ಲರ ಕಣ್ಣಲ್ಲೂ ಕನಸು. ಬೆಲೆ ಚೆನ್ನಾಗಿ ಬಂತು.

ಮುಂದಿನ ತಿಂಗಳು ಅವರ ಎಡ ಟ್ಯಾಕಲ್ ಜೋ ಸ್ಟೇಲಿ ನಿವೃತ್ತನಾಗುವುದು ಖಚಿತವಾಯಿತು. ಅತ್ತ ವಾಷಿಂಗ್ಟನ್ ತಂಡದಲ್ಲಿ ಟ್ರೆಂಟ್ ವಿಲಿಯಮ್ಸ್ ಆಡಳಿತದ ಜೊತೆ ಮುನಿಸಿಕೊಂಡು 2019ರಲ್ಲಿ ಒಂದೂ ಪಂದ್ಯ ಆಡಿರಲಿಲ್ಲ. ಅವನನ್ನು ಕಳಿಸಿದರೆ ಸಾಕು ಎಂಬ ಸ್ಥಿತಿ ಅಲ್ಲಿಯದು. ಗರಜು ಮಾರುವವನ ಕಡೆಗಿತ್ತು. ಫಾರ್ಟಿನೈನರ್ಸ್ ಆ ವರ್ಷದ ಐದನೆಯ ಸುತ್ತಿನ ಒಂದು ಪಿಕ್ ಮತ್ತು ಮರುವರ್ಷದ ಮೂರನೆಯ ಸುತ್ತಿನ ಒಂದು ಪಿಕ್ ಕೊಟ್ಟು ಅವನನ್ನು ತಂದಿತು. ಮುಂದೆ ಅವನು 2021, 2022, 2023 ಮೂರೂ ವರ್ಷ ಆಲ್-ಪ್ರೊ, ಅಂದರೆ ಆ ವರ್ಷದ ಅತ್ಯುತ್ತಮರ, ಮೊದಲ ತಂಡದಲ್ಲಿದ್ದ. ಒಬ್ಬ ನುಗ್ಗುವವನಿಗೆ ಮೊದಲ ಸುತ್ತಿನ ಬೆಲೆ, ತನ್ನ ತಲೆಮಾರಿನ ಅತ್ಯುತ್ತಮ ತಡೆಯುವವನಿಗೆ ಚಿಲ್ಲರೆ ಬೆಲೆ: ಎರಡರ ನಡುವಿನ ಅಂತರ ಒಂದೇ ಒಂದು ತಿಂಗಳು.

ಇದರಲ್ಲೂ ಕಹಿ ಇದೆ. ಆ 13ನೆಯ ಪಿಕ್ಕನ್ನು ಫಾರ್ಟಿನೈನರ್ಸ್ ಟ್ಯಾಂಪಾ ಬೇ ಬಕನಿಯರ್ಸ್‌ಗೆ ಬಿಟ್ಟುಕೊಟ್ಟು ಒಂದು ಮೆಟ್ಟಿಲು ಕೆಳಗಿಳಿಯಿತು. 14ರಲ್ಲಿ ಬಕ್ನರ್‌ನ ಜಾಗಕ್ಕೆಂದು ಜೇವನ್ ಕಿನ್ಲಾ ಎಂಬ ಇನ್ನೊಬ್ಬ ನುಗ್ಗುವವನನ್ನೇ ಆರಿಸಿತು. ಮಂಡಿಯ ತೊಂದರೆಯಿಂದ ಅವನು ಅಲ್ಲಿ ಅರಳಲೇ ಇಲ್ಲ. ಟ್ಯಾಂಪಾ 13ರಲ್ಲಿ ಆರಿಸಿದ್ದು ಟ್ಯಾಕಲ್ ಟ್ರಿಸ್ಟನ್ ವರ್ಫ್ಸ್‌ನನ್ನು. ಅವನು ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ಬಲಬದಿ ಕಾದು, ಮೊದಲ ವರ್ಷವೇ ಸೂಪರ್ ಬೌಲ್ ಗೆದ್ದ. ಅತ್ತ ಬಕ್ನರ್ ಕೋಲ್ಟ್ಸ್‌ನಲ್ಲಿ ಆ ವರ್ಷವೇ ಆಲ್-ಪ್ರೊ. ಮಾರಾಟ ಸರಿಯಿತ್ತು, ಖರೀದಿಯಲ್ಲಿ ಒಂದು ಅದ್ಭುತ, ಒಂದು ಠುಸ್ ಪಟಾಕಿ. ಪಿಕ್ ಎಂಬುದು ಮುಚ್ಚಿದ ಚೀಲ. ಅದನ್ನು ತೆರೆದು ಹೊಸ ಹುಡುಗನನ್ನು ಹುಡುಕುವುದಕ್ಕಿಂತ, ಸಾಬೀತಾದ ತಡೆಯುವವನನ್ನು ಕೊಳ್ಳಲು ಬಳಸುವುದು ಲೇಸು ಎಂದು ನಾನು ಹೇಳುವುದು ಇದಕ್ಕೇ.

ಕ್ಯಾನ್ಸಸ್ ಸಿಟಿ ಚೀಫ್ಸ್ 2021ರಲ್ಲಿ ಮಾಡಿದ್ದು ಅದನ್ನೇ. ಆ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಮೂಲ ಟ್ಯಾಕಲ್‌ಗಳಿಬ್ಬರೂ ಗಾಯಗೊಂಡು ಹೊರಗಿದ್ದರು, ಮಹೋಮ್ಸ್ ಇಡೀ ಸಂಜೆ ಪ್ರಾಣ ಉಳಿಸಿಕೊಳ್ಳಲು ಓಡಿದ, ತಂಡ 31-9ರಿಂದ ಸೋತಿತು. ಏಪ್ರಿಲ್‌ನಲ್ಲಿ ತನ್ನ 31ನೆಯ ಪಿಕ್ ಮತ್ತು ಇನ್ನೂ ಕೆಲವನ್ನು ಕೊಟ್ಟು ರೇವನ್ಸ್‌ನಿಂದ ಟ್ಯಾಕಲ್ ಆರ್ಲಾಂಡೊ ಬ್ರೌನ್‌ನನ್ನು ತಂದಿತು. ಎರಡು ವರ್ಷದ ನಂತರದ ಸೂಪರ್ ಬೌಲ್‌ನಲ್ಲಿ, ಆ ಋತುವಿನಲ್ಲಿ 70 ಸ್ಯಾಕ್ ಮಾಡಿದ್ದ ಈಗಲ್ಸ್ ಎದುರು, ಮಹೋಮ್ಸ್ ಒಮ್ಮೆಯೂ ಸ್ಯಾಕ್ ಆಗಲಿಲ್ಲ. ರೇವನ್ಸ್ ಆ 31ರಲ್ಲಿ ಆರಿಸಿದ್ದು ಯಾರನ್ನು ಗೊತ್ತೇ? ಒಡಾಫೆ ಓವೆ, ಒಬ್ಬ ನುಗ್ಗುವವನು. ಸುತ್ತಿ ಬಳಸಿ ಬಂದರೂ ಇದೂ ಒಂದು ವಿನಿಮಯವೇ.

ಬೆಂಕಿ ಬಿದ್ದಾಗ ಬಾವಿ

ಹ್ಯೂಸ್ಟನ್ ಟೆಕ್ಸಾನ್ಸ್‌ನ ಕಥೆಯನ್ನು ಪೂರ್ತಿ ಹೇಳಬೇಕು, ಏಕೆಂದರೆ ಇದನ್ನು ಬಿಟ್ಟರೆ ಈ ಹೋಲಿಕೆಗೆ ಅರ್ಥವಿಲ್ಲ. 2018ರಲ್ಲಿ ಆ ತಂಡದ ಕ್ವಾರ್ಟರ್‌ಬ್ಯಾಕ್ ಡೆಶಾನ್ ವಾಟ್ಸನ್ 62 ಬಾರಿ ಸ್ಯಾಕ್ ಆದ. ಋತು ಮುಗಿದ ಮೇಲೆ ತಂಡಕ್ಕೆ ಎಂಟು ತಿಂಗಳ ಸಮಯವಿತ್ತು. ಕೈಯಲ್ಲಿ ಜೇಡವೆನ್ ಕ್ಲೌನಿ ಇದ್ದ. 2014ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ನುಗ್ಗುವವನು. ಅವನಿಗೆ ದೀರ್ಘ ಒಪ್ಪಂದ ಕೊಡದೆ ಫ್ರಾಂಚೈಸ್ ಟ್ಯಾಗ್ ಎಂಬ ಒಂದು ವರ್ಷದ ಗೂಟಕ್ಕೆ ಕಟ್ಟಿಹಾಕಿದರು. ಆ ಗೂಟಕ್ಕೊಂದು ನಿಯಮವಿದೆ: ಜುಲೈ ಮಧ್ಯದ ಗಡುವು ದಾಟಿದರೆ ಆ ಋತು ಮುಗಿಯುವವರೆಗೆ ಅವನ ಜೊತೆ ಯಾವ ತಂಡವೂ ದೀರ್ಘ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಮೇಲಾಗಿ ಅವನು ಟ್ಯಾಗ್‌ಗೆ ಸಹಿ ಹಾಕುವವರೆಗೆ ಅವನನ್ನು ಮಾರುವುದೂ ಸಾಧ್ಯವಿಲ್ಲ, ಅಂದರೆ ಎಲ್ಲಿಗೆ ಹೋಗಬೇಕೆಂಬ ಮಾತಿನಲ್ಲಿ ಅವನ ಕೈ ಮೇಲು. ಟೆಕ್ಸಾನ್ಸ್ ಆ ಗಡುವನ್ನು ಸುಮ್ಮನೆ ದಾಟಲು ಬಿಟ್ಟಿತು.

ಆಗಸ್ಟ್ 31. ಆಟಗಾರರ ಪಟ್ಟಿಯನ್ನು ತೊಂಬತ್ತರಿಂದ 53ಕ್ಕೆ ಇಳಿಸುವ ದಿನ, ಮೊದಲ ಪಂದ್ಯಕ್ಕೆ ಹತ್ತು ದಿನವೂ ಇಲ್ಲ. ಕ್ಲೌನಿ ಸಿಯಾಟಲ್ ಸೀಹಾಕ್ಸ್‌ಗೆ ಹೋದ. ಬದಲಿಗೆ ಬಂದದ್ದು ಮೂರನೆಯ ಸುತ್ತಿನ ಒಂದು ಪಿಕ್, ಜೊತೆಗೆ ಜೇಕಬ್ ಮಾರ್ಟಿನ್ ಮತ್ತು ಬಾರ್ಕೇವಿಯಸ್ ಮಿಂಗೊ. ಅದೇ ದಿನ ಮಯಾಮಿ ಡಾಲ್ಫಿನ್ಸ್‌ನಿಂದ ಎಡ ಟ್ಯಾಕಲ್ ಲಾರೆಮಿ ಟನ್ಸಿಲ್ ಬಂದ, ರಿಸೀವರ್ ಕೆನ್ನಿ ಸ್ಟಿಲ್ಸ್ ಜೊತೆಗೆ. ಹೋದದ್ದು 2020 ಮತ್ತು 2021ರ ಮೊದಲ ಸುತ್ತಿನ ಪಿಕ್‌ಗಳು, 2021ರ ಎರಡನೆಯ ಸುತ್ತಿನ ಪಿಕ್, ಮೇಲೆ ಇಬ್ಬರು ಆಟಗಾರರು. ಮಾರುವಾಗ ಮೂರನೆಯ ಸುತ್ತು, ಕೊಳ್ಳುವಾಗ ಎರಡು ಮೊದಲ ಸುತ್ತು. ದನದ ಜಾತ್ರೆಯ ಕೊನೆಯ ಸಂಜೆ ಹೋದ ರೈತನಿಗೂ ಇಷ್ಟು ಮೋಸವಾಗುವುದಿಲ್ಲ.

ಟನ್ಸಿಲ್ ಒಳ್ಳೆಯ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ವಾಟ್ಸನ್‌ನ ಸ್ಯಾಕ್‌ಗಳು 62ರಿಂದ 44ಕ್ಕೆ ಇಳಿದವು, ತಂಡ ಹತ್ತು ಪಂದ್ಯ ಗೆದ್ದಿತು. ಆದರೆ ಎರಡು ಮೊದಲ ಸುತ್ತು ಕೊಟ್ಟು ತಂದವನನ್ನು ಬಿಟ್ಟುಕೊಡಲಾದೀತೇ? ಅದು ಅವನಿಗೂ ಗೊತ್ತಿತ್ತು. ಮರುವರ್ಷ ವರ್ಷಕ್ಕೆ 2.2 ಕೋಟಿ ಡಾಲರ್‌ನ ಒಪ್ಪಂದಕ್ಕೆ ಸಹಿ ಮಾಡಿಸಿಕೊಂಡ. 2020ರಲ್ಲಿ ತಂಡ ನಾಲ್ಕೇ ಪಂದ್ಯ ಗೆದ್ದು ಕುಸಿದಾಗ ಮಯಾಮಿಗೆ ಹೋಗಬೇಕಿದ್ದ ಪಿಕ್ ಇಡೀ ಡ್ರಾಫ್ಟ್‌ನ ಮೂರನೆಯದಾಗಿತ್ತು.

ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. 2017ರ ಅಕ್ಟೋಬರ್‌ವರೆಗೆ ಟೆಕ್ಸಾನ್ಸ್ ಬಳಿಯೇ ಡ್ವೇನ್ ಬ್ರೌನ್ ಎಂಬ ಉತ್ತಮ ಎಡ ಟ್ಯಾಕಲ್ ಇದ್ದ. ಅವನನ್ನು ಮಾರಿದ್ದು ಇದೇ ಸೀಹಾಕ್ಸ್‌ಗೆ. ಅವನ ಸುದ್ದಿಗೆ ಆಮೇಲೆ ಬರುತ್ತೇನೆ.

ಕಡಿಮೆ ಖರ್ಚಿನ ದಾರಿಗಳು

ಆಗಸ್ಟ್ ಕೊನೆಯ ವಾರ ಗರಜಿರುವವನಿಗೆ ನರಕವಾದರೆ ಕಾದು ಕುಳಿತವನಿಗೆ ಸುಗ್ಗಿ. ಪಟ್ಟಿ ಕತ್ತರಿಸುವ ದಿನ ಪ್ರತಿ ತಂಡವೂ ಒಳ್ಳೆಯ ಒಬ್ಬಿಬ್ಬರನ್ನು ಮನಸ್ಸಿಲ್ಲದೆ ಬಿಡಬೇಕಾಗುತ್ತದೆ. 2019ರ ಅದೇ ಆಗಸ್ಟ್‌ನಲ್ಲಿ ಬಫಲೊ ಬಿಲ್ಸ್ ಬಳಿ ಗಾರ್ಡ್‌ಗಳು ಹೆಚ್ಚಾಗಿದ್ದರು. ವಯಾಟ್ ಟೆಲರ್‌ನನ್ನು ಐದನೆಯ ಮತ್ತು ಆರನೆಯ ಸುತ್ತಿನ ಪಿಕ್‌ಗಳಿಗೆ ಕೊಟ್ಟುಬಿಟ್ಟರು. ಕೊಂಡದ್ದು ಬ್ರೌನ್ಸ್, ಜೈಟ್ಲರ್ ಬಿಟ್ಟುಹೋದ ಅದೇ ಬಲ ಗಾರ್ಡ್ ಜಾಗಕ್ಕೆ. ಟೆಲರ್ ಮುಂದೆ ಎರಡು ಬಾರಿ ಆಲ್-ಪ್ರೊ ಎರಡನೆಯ ತಂಡ ಸೇರಿದ. ನಿಮ್ಮ ಏಳನೆಯ ನುಗ್ಗುವವನಿಗೆ ಸಿಗುವ ಬೆಲೆ ಹೆಚ್ಚುಕಡಿಮೆ ಇಷ್ಟೇ, ಐದನೆಯ ಅಥವಾ ಆರನೆಯ ಸುತ್ತು. ಆ ಹಣಕ್ಕೆ ಟ್ಯಾಕಲ್ ಸಿಗುವುದಿಲ್ಲ, ಆದರೆ ಬೇರೆಯವರ ಬೆಂಚಿನಲ್ಲಿ ಕುಳಿತ ಎಳೆಯ ಗಾರ್ಡ್ ಸಿಕ್ಕಾನು.

ಇನ್ನೂ ಅಗ್ಗದ್ದು, ಮಾರದೆ ಮಾರ್ಪಡಿಸುವುದು. ಜೆ.ಆರ್. ಸ್ವೀಜಿ ಕಾಲೇಜಿನಲ್ಲಿ ನುಗ್ಗುವವನು. ಸೀಹಾಕ್ಸ್ ಅವನನ್ನು 2012ರಲ್ಲಿ ಏಳನೆಯ ಸುತ್ತಿನಲ್ಲಿ ಆರಿಸಿ ಗಾರ್ಡ್ ಮಾಡಿತು, ಮರುವರ್ಷ ಅವನು ಸೂಪರ್ ಬೌಲ್ ಗೆದ್ದ ತಂಡದ ಬಲ ಗಾರ್ಡ್. ಈಗಲ್ಸ್‌ನ ಲೇನ್ ಜಾನ್ಸನ್ ಕೂಡ ಕಾಲೇಜಿನಲ್ಲಿ ಒಂದು ಹಂತದಲ್ಲಿ ನುಗ್ಗುವವನೇ. ಆದರೆ ಇದು ಇಪ್ಪತ್ತೆರಡರ ಹುಡುಗರಿಗೆ ಹೇಳಿದ ಮಾತು. ಇಪ್ಪತ್ತೆಂಟರ ವೃತ್ತಿಪರನಿಗೆ "ನಾಳೆಯಿಂದ ಹಿಂದಕ್ಕೆ ಹೆಜ್ಜೆ ಇಡು" ಎಂದರೆ ಅವನ ಏಜೆಂಟ್ ಫೋನ್ ಮಾಡುತ್ತಾನೆ.

ಯಾವ ಜಾಗಕ್ಕೆ, ಯಾವಾಗ

ಋತುವಿನ ನಡುವೆ ತರುವುದಾದರೆ ಟ್ಯಾಕಲ್ ಅಥವಾ ಗಾರ್ಡ್ ತನ್ನಿ, ಸೆಂಟರ್ ಬೇಡ. ಎದುರಾಳಿಯ ಊರಿನಲ್ಲಿ, ಎಪ್ಪತ್ತು ಸಾವಿರ ಜನ ಕಿರುಚುತ್ತಿರುವಾಗ ನೋಡಿ. ಕ್ವಾರ್ಟರ್‌ಬ್ಯಾಕ್‌ನ ಕೂಗು ಎರಡು ಮಾರು ದೂರಕ್ಕೂ ಕೇಳುವುದಿಲ್ಲ. ಸೆಂಟರ್ ಚೆಂಡಿನ ಮೇಲೆ ಬಾಗಿರುತ್ತಾನೆ, ಹಿಂದೆ ನೋಡಲಾರ. ಪಕ್ಕದ ಗಾರ್ಡ್ ತಲೆ ತಿರುಗಿಸಿ ಕ್ವಾರ್ಟರ್‌ಬ್ಯಾಕ್‌ನ ಸನ್ನೆ ನೋಡಿ, ಸೆಂಟರ್‌ನ ತೊಡೆಯನ್ನು ಬೆರಳಿನಿಂದ ತಟ್ಟುತ್ತಾನೆ. ಸೆಂಟರ್ ತಲೆ ಎತ್ತುತ್ತಾನೆ, ಒಂದು ಕ್ಷಣ ತಡೆದು ಚೆಂಡು ಬಿಡುತ್ತಾನೆ. ಐವರೂ ಆ ಕ್ಷಣವನ್ನು ಮೈಯಲ್ಲೇ ಎಣಿಸಿಕೊಂಡಿರಬೇಕು. ಯಾರು ಯಾರನ್ನು ತಡೆಯಬೇಕೆಂದು ಕೈ ತೋರಿಸಿ ಹೇಳುವವನೂ ಸೆಂಟರ್. ಅವನೇ ಹೊಸಬನಾದರೆ ಎತ್ತು ಏರಿಗೆ, ಕೋಣ ನೀರಿಗೆ. ನುಗ್ಗುವವನಿಗೆ ಈ ಕಷ್ಟವಿಲ್ಲ, ಬುಧವಾರ ಬಂದವನು ಭಾನುವಾರ ಆಡಬಲ್ಲ. ಹಾಗಾಗಿ ನಡುಋತುವಿನಲ್ಲಿ ನುಗ್ಗುವವನನ್ನು ಮಾರುವುದು ಸುಲಭ, ತಡೆಯುವವನನ್ನು ಕೊಂಡು ತಕ್ಷಣ ಲಾಭ ಪಡೆಯುವುದು ಕಷ್ಟ. ವ್ಯಾಪಾರದ ಗಡುವು 2024ರಿಂದ ಒಂಬತ್ತನೆಯ ವಾರದ ನಂತರದ ಮಂಗಳವಾರ.

ಹಣದ ಲೆಕ್ಕ ಬೇಸರ ತರಿಸುತ್ತದೆ, ಆದರೂ ಒಂದು ಮಾತು. 2025ರಲ್ಲಿ ಪ್ರತಿ ತಂಡದ ಸಂಬಳದ ಮಿತಿ 27.92 ಕೋಟಿ ಡಾಲರ್. ಸಹಿ ಮಾಡುವಾಗ ಕೊಟ್ಟ ಬೋನಸ್ಸನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯುತ್ತಾರೆ. ಐದು ವರ್ಷಕ್ಕೆ 2 ಕೋಟಿ ಬೋನಸ್ ಕೊಟ್ಟವನನ್ನು ಎರಡು ವರ್ಷಕ್ಕೆ ಮಾರಿದಿರಿ ಎನ್ನಿ: ಉಳಿದ 1.2 ಕೋಟಿ ಒಂದೇ ಏಟಿಗೆ ಮಾರಿದವನ ಲೆಕ್ಕಕ್ಕೆ ಬೀಳುತ್ತದೆ. ಜೂನ್ 1ರ ನಂತರ ಮಾರಿದರೆ ಈ ವರ್ಷ 40 ಲಕ್ಷ, ಮುಂದಿನ ವರ್ಷ 80 ಲಕ್ಷ. ಕೊಂಡವನಿಗೆ ಬರೀ ಸಂಬಳ. ಆದ್ದರಿಂದ ಮಾರಲು ಲಾಯಕ್ಕಾದ ನುಗ್ಗುವವನು ಎಂದರೆ ಒಪ್ಪಂದದ ಕೊನೆಯ ವರ್ಷದಲ್ಲಿರುವವನು, ಅಥವಾ ಬೋನಸ್ ಕಡಿಮೆಯಿರುವ ಮೊದಲ ಒಪ್ಪಂದದವನು.

ಇನ್ನು ಡ್ವೇನ್ ಬ್ರೌನ್‌ನ ವಿಷಯ. 2017ರ ಅಕ್ಟೋಬರ್ 30ರಂದು ಸೀಹಾಕ್ಸ್ ಅವನಿಗೆ ಬದಲಾಗಿ ಜೆರೆಮಿ ಲೇನ್ ಎಂಬ ಕಾರ್ನರ್‌ಬ್ಯಾಕನ್ನೂ ಪಿಕ್‌ಗಳನ್ನೂ ಕೊಡಲು ಒಪ್ಪಿತ್ತು. ಸುದ್ದಿ ಎಲ್ಲೆಡೆ ಹರಡಿತು. ಆದರೆ ವೈದ್ಯಕೀಯ ಪರೀಕ್ಷೆ ಮುಗಿಯುವವರೆಗೆ ಈ ಲೀಗ್‌ನಲ್ಲಿ ಯಾವ ವಿನಿಮಯವೂ ಪಕ್ಕಾ ಅಲ್ಲ. ಹ್ಯೂಸ್ಟನ್‌ನ ವೈದ್ಯರ ಪರೀಕ್ಷೆಯಲ್ಲಿ ಲೇನ್ ಪಾಸಾಗಲಿಲ್ಲ. ಒಪ್ಪಂದವನ್ನು ಪಿಕ್‌ಗಳಲ್ಲೇ ಹೊಸದಾಗಿ ಬರೆದರು, ಲೇನ್ ಸಿಯಾಟಲ್‌ಗೆ ಮರಳಿದ. ಬ್ರೌನ್ ಮುಂದಿನ ಭಾನುವಾರವೇ ಎಡ ಟ್ಯಾಕಲ್ ಜಾಗದಲ್ಲಿ ನಿಂತ, 2021ರವರೆಗೂ ಅಲ್ಲೇ ನಿಂತಿದ್ದ.